ಮುಚ್ಚಳಿಕೆಯ ಹಣ, ಕೈಗಡದ ಹಣ: ಡಾ. ಅಂಬೇಡ್ಕರರ ಎರಡನೆಯ ವ್ಯಾಸಂಗದ ಜಮಾಖರ್ಚು (1913–1923)

ಮಹಾಪುರುಷರ ಜೀವನಚರಿತ್ರೆಗಳಲ್ಲಿ ಅವರು ಪಡೆದ ಪದವಿಗಳ ಪಟ್ಟಿ ತಪ್ಪದೆ ಇರುತ್ತದೆ. ಆ ಪದವಿಗಳಿಗೆ ತಗಲಿದ ಹಣ ಎಲ್ಲಿಂದ ಬಂದಿತು, ಯಾವ ಷರತ್ತಿನ ಮೇಲೆ ಬಂದಿತು, ಯಾರು ಯಾವಾಗ ಕೊಟ್ಟರು ಎಂಬ ವಿಚಾರ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ರಾಜ್ಯಗಳ ಆಯವ್ಯಯವನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತೇವೆಯೋ ಅಷ್ಟೇ ಶ್ರದ್ಧೆಯಿಂದ ವ್ಯಕ್ತಿಗಳ ಆಯವ್ಯಯವನ್ನು ನೋಡುವುದಿಲ್ಲ. ನೋಡಿದರೆ ಕೆಲವೆಡೆ ಹೊಸ ಬೆಳಕು ದೊರೆಯುವ ಸಂಭವವುಂಟು. ಡಾ. ಭೀಮರಾವ್ ಅಂಬೇಡ್ಕರರ ವಿದ್ಯಾಭ್ಯಾಸದ ಕಥೆ ಅಂಥದೊಂದು ಎಡೆ ಎಂದು ನಮಗೆ ತೋರುತ್ತದೆ. ಅವರು ಪರದೇಶಕ್ಕೆ ಎರಡು ಬಾರಿ ಓದಲು ಹೋದರು. ಮೊದಲನೆಯ ಬಾರಿ ಹೋದದ್ದು ಒಂದು ಸಂಸ್ಥಾನದ ಹಣದಿಂದ. ಎರಡನೆಯ ಬಾರಿ ಹೋದದ್ದು ತಮ್ಮ ಉಳಿತಾಯ ಮತ್ತು ಸ್ನೇಹಿತರೊಬ್ಬರ ಕೈಗಡದಿಂದ. ಈ ಎರಡು ಹಣಗಳ ಸ್ವರೂಪ ಬೇರೆಯಾದ್ದರಿಂದ ಅವು ತೆರೆದ ಬಾಗಿಲುಗಳೂ ಬೇರೆಯಾದುವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಪದವಿಗೂ ಎರಡನೆಯ ಪದವಿಗೂ ಒಂದು ವ್ಯತ್ಯಾಸವಿದೆ. ಮೊದಲನೆಯದನ್ನು ಓದುವವನು ಹುಡುಗ. ಅವನನ್ನು ಸಾಕುವವರು ಬೇರೆ ಇರುತ್ತಾರೆ. ಒಮ್ಮೆ ಉದ್ಯೋಗಕ್ಕೆ ಸೇರಿ, ಸಂಸಾರ ಹೂಡಿ, ಮೂವತ್ತರ ಹೊಸ್ತಿಲಲ್ಲಿ ನಿಂತು, ಕೈಹಿಡಿದ ವೃತ್ತಿಯನ್ನು ಬಿಟ್ಟು ಬೇರೊಂದಕ್ಕೆ ಹೋಗಬೇಕೆಂದು ಮತ್ತೆ ಪುಸ್ತಕ ಹಿಡಿಯುವವನ ಸ್ಥಿತಿಯೇ ಬೇರೆ. ಅವನು ಓದುವಷ್ಟು ಕಾಲ ಮನೆಗೆ ಬರುತ್ತಿದ್ದ ಸಂಬಳ ನಿಂತುಹೋಗುತ್ತದೆ, ಮನೆಯ ಖರ್ಚು ನಿಲ್ಲುವುದಿಲ್ಲ. ನಮ್ಮ ತರಗತಿಗಳಲ್ಲಿಯೂ ನಾಲ್ಕಾರು ವರ್ಷ ದುಡಿದು ಮತ್ತೆ ಓದಲು ಬಂದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಮುಖವನ್ನು ನೋಡಿದ ಅಧ್ಯಾಪಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ಶತಮಾನದ ಹಿಂದಿನ ಶತಮಾನವು ಆರಂಭವಾದ ಕಾಲಕ್ಕೆ ಇಂಗ್ಲೆಂಡಿಗೆ ಹೋಗಿ ಓದಬೇಕೆಂಬ ಹಿಂದೂದೇಶದ ತರುಣನಿಗೆ ಹಣದ ಮಾರ್ಗಗಳು ಬಹಳ ಇರಲಿಲ್ಲ. ಮನೆತನದ ಆಸ್ತಿ ಒಂದು. ಮಾವನ ಮನೆಯ ಹಣ ಮತ್ತೊಂದು. ಅಳಿಯನನ್ನು ಬ್ಯಾರಿಸ್ಟರ್ ಮಾಡಿಸುವ ಮಾವಂದಿರು ಆಗ ಅಪರೂಪವಲ್ಲ. 1888ರಲ್ಲಿ ಗಾಂಧೀಜಿಯವರು ಲಂಡನ್ನಿಗೆ ಹೋದಾಗ ಹಣದ ಹೊಣೆ ಹೊತ್ತವರು ಅವರ ಅಣ್ಣ. ಜಮಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿಯು ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಡುತ್ತಿತ್ತು. ಓದಿ ಬಂದವರು ಹಿಂದಿರುಗಿಸಿದ ಹಣದಿಂದ ಮುಂದಿನವರು ಓದಬೇಕೆಂಬುದು ಅದರ ಕ್ರಮ. ಉಳಿದದ್ದು ದೇಶೀಯ ಸಂಸ್ಥಾನಗಳ ವೇತನ. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ರಾಮಜಿಯವರ ಮಗನಿಗೆ, ಅದರಲ್ಲಿಯೂ ಮಹಾರ್ ಜಾತಿಯಲ್ಲಿ ಹುಟ್ಟಿದವನಿಗೆ, ಮೊದಲೆರಡು ಮಾರ್ಗಗಳು ಮುಚ್ಚಿದ್ದುವೆಂದು ಹೇಳಬೇಕಾದದ್ದಿಲ್ಲ.

ಬರೋಡೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ಎಲ್ಫಿನ್‌ಸ್ಟನ್ ಕಾಲೇಜಿನ ಓದಿಗಾಗಿ ಅಂಬೇಡ್ಕರರಿಗೆ ತಿಂಗಳಿಗೆ 25 ರೂಪಾಯಿ ಕೊಡುತ್ತಿದ್ದರು. ಬಿ.ಎ. ಮುಗಿದ ಬಳಿಕ 1913ರ ಆದಿಯಲ್ಲಿ ಅಂಬೇಡ್ಕರರು ಬರೋಡೆಯ ಕೆಲಸಕ್ಕೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಯ ಅನಾರೋಗ್ಯದ ಸುದ್ದಿ ಬಂದು ಮುಂಬಯಿಗೆ ಧಾವಿಸಬೇಕಾಯಿತು; ಫೆಬ್ರವರಿ 2ರಂದು ತಂದೆ ತೀರಿಕೊಂಡರು. ಅದೇ ವರ್ಷ ಜೂನ್ ತಿಂಗಳಲ್ಲಿ ಅವರು ಸಂಸ್ಥಾನಕ್ಕೆ ಒಂದು ಮುಚ್ಚಳಿಕೆ ಬರೆದುಕೊಟ್ಟರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ ಓದಲು ತಿಂಗಳಿಗೆ 11½ ಪೌಂಡು ವೇತನ. ಓದು ಮುಗಿಸಿ ಬಂದಮೇಲೆ ಹತ್ತು ವರ್ಷ ಬರೋಡೆಯ ಸೇವೆ. ಇದು ಕರಾರಿನ ಸಾರ.

ಈ ಮೊತ್ತವನ್ನು ಆ ಕಾಲದ ರೂಪಾಯಿಗೆ ಪರಿವರ್ತಿಸಿ ನೋಡುವುದು ಉಚಿತ. ರೂಪಾಯಿಯ ದರ ಆಗ 1 ಷಿಲಿಂಗ್ 4 ಪೆನ್ಸಿನಲ್ಲಿ ನೆಲೆನಿಂತಿತ್ತು. ಎಂದರೆ ಪೌಂಡಿಗೆ 15 ರೂಪಾಯಿ. ತಿಂಗಳ ವೇತನ ಸುಮಾರು 172½ ರೂಪಾಯಿ, ಮೂರು ವರ್ಷಕ್ಕೆ 6,210 ರೂಪಾಯಿ ಆಗುತ್ತದೆ. ಆರು ಸಾವಿರ ಚಿಲ್ಲರೆ ರೂಪಾಯಿಗೆ ಹತ್ತು ವರ್ಷದ ದುಡಿಮೆ! ಹಾಗೆಂದು ಮಹಾರಾಜರನ್ನು ನಾವು ಇಲ್ಲಿ ಆಕ್ಷೇಪಿಸುತ್ತಿಲ್ಲ. ಶಿಕ್ಷಿತ ಅಧಿಕಾರಿಗಳ ಅಭಾವವಿದ್ದ ಸಂಸ್ಥಾನಗಳು ಇಂಥ ಕರಾರನ್ನು ಬರೆಸಿಕೊಳ್ಳುತ್ತಿದ್ದುದು ಸಹಜ. ಪ್ರಜೆಗಳ ತೆರಿಗೆಯ ಹಣದಿಂದ ಓದಿದವನು ಪ್ರಜೆಗಳ ಕೆಲಸ ಮಾಡಲಿ ಎಂಬುದು ನ್ಯಾಯವಾದ ಅಪೇಕ್ಷೆಯೇ. ಅಂಬೇಡ್ಕರರನ್ನು ಮುಂದೆ ಸಂಸ್ಥಾನದ ಹಣಕಾಸಿನ ಆಡಳಿತಕ್ಕೆ ತರಬೇಕೆಂಬ ಉದ್ದೇಶವೂ ಇತ್ತು. ಆದರೆ ಆ ಹಣದೊಡನೆ ವೃತ್ತಿಯೂ, ಒಡೆಯನೂ, ವಾಸದ ಊರೂ ನಿಶ್ಚಿತವಾಗಿ ಬಂದುವೆಂಬುದನ್ನು ಮರೆಯಲಾಗದು.

ನ್ಯೂಯಾರ್ಕಿನ ವರ್ಷಗಳನ್ನು ಇಲ್ಲಿ ಬೇಗನೆ ದಾಟಬಹುದು. 1915ರಲ್ಲಿ ಎಂ.ಎ. ಆಯಿತು, 1916ರ ಮೇ ತಿಂಗಳಲ್ಲಿ ಜಾತಿಪದ್ಧತಿಯನ್ನು ಕುರಿತ ಪ್ರಸಿದ್ಧ ಪ್ರಬಂಧವನ್ನು ಓದಿದರು, ಭಾರತದ ಹಣಕಾಸನ್ನು ಕುರಿತ ಪ್ರೌಢಪ್ರಬಂಧವೂ ಸಿದ್ಧವಾಯಿತು. ವೇತನದಲ್ಲಿ ಒಂದು ಭಾಗವನ್ನು ಮನೆಗೆ ಕಳುಹಿಸಿ, ಮತ್ತೊಂದು ಭಾಗದಲ್ಲಿ ಹಳೆಯ ಪುಸ್ತಕಗಳನ್ನು ಕೊಳ್ಳುತ್ತಿದ್ದರು. ನಮಗೆ ಮುಖ್ಯವಾದದ್ದು ಆಮೇಲಿನ ಹೆಜ್ಜೆ. 1916ರ ಶರತ್ಕಾಲದಲ್ಲಿ ಲಂಡನ್ನಿಗೆ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸೇರಿದರಷ್ಟೆ. ಅದರೊಡನೆ ಗ್ರೇಸ್ ಇನ್ ಎಂಬ ಕಾನೂನು ವಿದ್ಯಾಸಂಘದಲ್ಲಿಯೂ ಹೆಸರು ಬರೆಸಿದರು. ಅರ್ಥಶಾಸ್ತ್ರ ಬರೋಡೆಗೆ ಬೇಕಾದ ವಿದ್ಯೆ. ಬ್ಯಾರಿಸ್ಟರಿಕೆಯಾದರೋ ಯಾವ ಒಡೆಯನಿಗೂ ಸೇರದ ವೃತ್ತಿ. ಹತ್ತು ವರ್ಷದ ಕರಾರಿಗೆ ಒಳಪಟ್ಟಿದ್ದವರು ಇದನ್ನೂ ಏಕೆ ಹಿಡಿದರೆಂಬುದಕ್ಕೆ, ಸೇವೆಯ ಆಚೆಗೆ ಒಂದು ದಾರಿಯನ್ನು ಅವರು ಆಗಲೇ ನೋಡುತ್ತಿದ್ದರೆಂಬುದೇ ಕಾರಣವೆಂದು ನಾವು ಊಹಿಸುತ್ತೇವೆ.

ದಾರಿ ಕಂಡಿತು, ನಡೆಯಲು ಹಣ ಸಾಲಲಿಲ್ಲ. ಒಂದು ವರ್ಷ ಮುಂದುವರಿದಿದ್ದ ವೇತನ 1917ರಲ್ಲಿ ಮುಗಿಯಿತು. ಬರೋಡೆಯಿಂದ ಕರೆ ಬಂದಿತು. ಲಂಡನ್ ವಿಶ್ವವಿದ್ಯಾನಿಲಯವು ಆ ವರ್ಷದ ಅಕ್ಟೋಬರಿನಿಂದ ನಾಲ್ಕು ವರ್ಷಗಳೊಳಗೆ ಬಂದು ಓದನ್ನು ಮುಂದುವರಿಸಬಹುದೆಂದು ಅನುಮತಿ ನೀಡಿತು. ಈ ಗಡುವನ್ನು ವಾಚಕರು ನೆನಪಿನಲ್ಲಿಡಬೇಕು: 1921ರ ಅಕ್ಟೋಬರ್ ದಾಟಿದರೆ ಆ ಬಾಗಿಲು ಮುಚ್ಚುತ್ತಿತ್ತು. ಹಿಂದಿರುಗುವ ದಾರಿಯಲ್ಲಿ, ಬೇರೆ ಹಡಗಿನಲ್ಲಿ ಕಳುಹಿಸಿದ್ದ ಅವರ ಸಾಮಾನು ಮತ್ತು ಪುಸ್ತಕಗಳು ಯುದ್ಧದ ಜಲಾಂತರ್ಗಾಮಿಗೆ ಸಿಕ್ಕಿ ಸಮುದ್ರದ ಪಾಲಾದುವು.

ಬರೋಡೆಯಲ್ಲಿ ನಡೆದದ್ದನ್ನು ಅವರೇ ಬಹುಕಾಲದ ಮೇಲೆ ಬರೆದಿಟ್ಟಿದ್ದಾರೆ. ಮಹಾರಾಜರ ಮಿಲಿಟರಿ ಸೆಕ್ರೆಟರಿಯ ಹುದ್ದೆಗೆ ನೇಮಕವಾಗಿತ್ತು. ಆದರೆ ಊರಿನಲ್ಲಿ ಮನೆ ಸಿಗಲಿಲ್ಲ. ಪಾರಸಿ ಹೆಸರನ್ನಿಟ್ಟುಕೊಂಡು ಒಂದು ಪಾರಸಿ ವಸತಿಗೃಹದಲ್ಲಿ ದಿನಕ್ಕೆ ಒಂದೂವರೆ ರೂಪಾಯಿಯಂತೆ ಉಳಿದುಕೊಂಡರು. ಹನ್ನೊಂದನೆಯ ದಿನ ಬೆಳಗ್ಗೆ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಜಾಗ ಬಿಡಬೇಕೆಂದು ಗದರಿಸಿದರು. ಒಬ್ಬ ಹಿಂದೂ ಸ್ನೇಹಿತರೂ ಒಬ್ಬ ಕ್ರೈಸ್ತ ಸ್ನೇಹಿತರೂ ಆಶ್ರಯ ಕೊಡಲಾರದೆ ಹೋದರು. ಊರಿನ ಉದ್ಯಾನವೊಂದರಲ್ಲಿ ಕುಳಿತು ಕಾಲ ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟುಬಂದರು.

ಈ ಘಟನೆಯನ್ನು ಅಸ್ಪೃಶ್ಯತೆಯ ಕ್ರೌರ್ಯಕ್ಕೆ ನಿದರ್ಶನವಾಗಿ ಉದಾಹರಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಇದರಲ್ಲಿ ಇನ್ನೊಂದು ಅಂಶ ಅಡಗಿದೆ. ಮುಚ್ಚಳಿಕೆಯು ಎರಡು ಪಕ್ಷಗಳ ಕರಾರು. ಒಂದು ಪಕ್ಷ ಹತ್ತು ವರ್ಷದ ಸೇವೆಯನ್ನು ಕೊಡಲು ಒಪ್ಪಿತ್ತು. ಇನ್ನೊಂದು ಪಕ್ಷ ಹುದ್ದೆಯನ್ನು ಕೊಟ್ಟಿತು, ಆ ಹುದ್ದೆಯಲ್ಲಿ ಕುಳಿತವನಿಗೆ ರಾತ್ರಿ ಮಲಗಲು ಒಂದು ಸೂರನ್ನು ಒದಗಿಸಲಾರದೆ ಹೋಯಿತು. ವಿದ್ಯೆಗೆ ಹಣ ಕೊಡುವುದು ಮಹಾರಾಜರ ಕೈಯಲ್ಲಿತ್ತು. ಆ ವಿದ್ಯೆಯನ್ನು ಸಂಬಳವಾಗಿ, ಬಾಳಾಗಿ ಮಾಡಿಕೊಳ್ಳುವುದು ಊರಿನ ಕೈಯಲ್ಲಿತ್ತು. ಕೊಲಂಬಿಯಾದ ಎಂ.ಎ. ಪದವಿಯ ಬೆಲೆ ಬರೋಡೆಯ ಪೇಟೆಯಲ್ಲಿ ಹನ್ನೊಂದು ದಿನಕ್ಕೆ ಮುಗಿಯಿತು. ಒಂದು ವೃತ್ತಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಅವರ ಪಾಲಿಗೆ ಅಭಿರುಚಿಯ ಮಾತಾಗಿರದೆ ಅನಿವಾರ್ಯವಾದದ್ದು ಇಲ್ಲಿಂದ.

ಮುಂಬಯಿಯಲ್ಲಿ ಮನೆಪಾಠ ಹೇಳಿದರು. ಹಣ ಹೂಡುವವರಿಗೆ ಸಲಹೆ ಕೊಡುವ ಒಂದು ವ್ಯವಹಾರವನ್ನು ಆರಂಭಿಸಿದರು. ಸಲಹೆಗಾರನ ಜಾತಿ ತಿಳಿದೊಡನೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. 1918ರ ನವೆಂಬರಿನಲ್ಲಿ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕವಾಯಿತು. ಸಂಬಳ ತಿಂಗಳಿಗೆ 450 ರೂಪಾಯಿ. ಅಧ್ಯಾಪಕವೃತ್ತಿಯವರಾದ ನಾವು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅದು ಆ ಕಾಲಕ್ಕೆ ಗೌರವದ ಸಂಬಳ. ಮನೆ ಬದಲಾಯಿಸಿ, ಆಳುಕಾಳು ಇಟ್ಟುಕೊಂಡು, ಪ್ರಾಧ್ಯಾಪಕರಾಗಿಯೇ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಪರೇಲಿನ ಚಾಳಿನ ಎರಡು ಕೋಣೆಗಳನ್ನು ಬಿಡಲಿಲ್ಲ. ಮನೆಯ ಖರ್ಚಿಗೆ ಇಷ್ಟೆಂದು ರಮಾಬಾಯಿಯವರ ಕೈಗೆ ಕೊಟ್ಟು ಉಳಿದದ್ದನ್ನು ಕೂಡಿಹಾಕಿದರು. ಕಾಲೇಜಿನಲ್ಲಿಯೂ ಸಹೋದ್ಯೋಗಿಗಳಲ್ಲಿ ಕೆಲವರು ತಮ್ಮ ನೀರಿನ ಹೂಜಿಯನ್ನು ಅವರು ಮುಟ್ಟಬಾರದೆಂದು ತಗಾದೆ ತೆಗೆದಿದ್ದರೆಂಬುದನ್ನು ನೆನೆದರೆ, ಆ ಉದ್ಯೋಗವನ್ನೇ ತಮ್ಮ ಕೊನೆಯ ನಿಲ್ದಾಣವೆಂದು ಅವರು ಬಗೆಯದಿದ್ದುದು ಆಶ್ಚರ್ಯವಲ್ಲ.

1920ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟರು. ಸುಮಾರು ಹದಿನಾರು ತಿಂಗಳ ಸಂಬಳ ಒಟ್ಟು 7,200 ರೂಪಾಯಿ ಆಗುತ್ತದೆ. ಅದರಲ್ಲಿ ಸಂಸಾರ ಸಾಗಿದಮೇಲೆ ಉಳಿದದ್ದು ಒಂದು ಅಂಶ ಮಾತ್ರ. ಇದಕ್ಕೆ ಕೊಲ್ಹಾಪುರದ ಶಾಹೂ ಮಹಾರಾಜರು 1,500 ರೂಪಾಯಿ ಸೇರಿಸಿದರು. ಕೊಲಂಬಿಯಾದ ದಿನಗಳಿಂದ ಸ್ನೇಹಿತರಾಗಿದ್ದ ನವಲ್ ಭತೇನಾ ಅವರು 5,000 ರೂಪಾಯಿ ಸಾಲ ಕೊಟ್ಟರು. ಭತೇನಾ ಅವರು ಪಾರಸಿಗಳು. ಬರೋಡೆಯ ವಸತಿಗೃಹವನ್ನು ಓದಿ ಬಂದ ವಾಚಕರಿಗೆ ಇದನ್ನು ಎತ್ತಿ ಹೇಳುವುದು ಅಗತ್ಯವೆನಿಸಿತು. ಒಂದು ಜನಾಂಗದ ವಿಷಯದಲ್ಲಿ ಒಟ್ಟು ತೀರ್ಪು ಕೊಡುವ ಅಭ್ಯಾಸ ನಮ್ಮ ಚರಿತ್ರಕಾರರಲ್ಲಿ ಇನ್ನೂ ಹೋಗಿಲ್ಲ.

ಐದು ಸಾವಿರವೆಂದರೆ ಪ್ರಾಧ್ಯಾಪಕರ ಹನ್ನೊಂದು ತಿಂಗಳ ಪೂರ್ಣ ಸಂಬಳ. ಸಾಲ ಮಾಡಿದವರಿಗೆ ಆಗ ಆ ಸಂಬಳವೂ ಇರಲಿಲ್ಲ. ವಯಸ್ಸು ಇಪ್ಪತ್ತೊಂಬತ್ತು, ಮನೆಯಲ್ಲಿ ಹೆಂಡತಿ, ಮಗ, ಅವಲಂಬಿಸಿದ ಬಂಧುಗಳು, ಲಂಡನ್ನಿನ ಗಡುವಿಗೆ ಉಳಿದದ್ದು ಒಂದು ವರ್ಷ ಚಿಲ್ಲರೆ. ಸ್ನೇಹಿತನಿಗೆ ಭರವಸೆಯಾಗಿದ್ದದ್ದು ಆಸ್ತಿಯಲ್ಲ, ಹಿಂದೆ ಮಾಡಿದ ಓದು. ಈ ಸಾಲಕ್ಕೆ ಯಾವ ವೃತ್ತಿಯನ್ನು ಹಿಡಿಯಬೇಕು, ಎಲ್ಲಿ ದುಡಿಯಬೇಕು ಎಂಬ ಷರತ್ತಿರಲಿಲ್ಲ.

ಅವರು ಹೊರಟ ಮುಹೂರ್ತವೂ ಒಳ್ಳೆಯದಾಗಿರಲಿಲ್ಲ. ಇಲ್ಲಿ ಒಂದು ಖಾಸಗಿ ಲೆಕ್ಕವು ದೇಶದ ಲೆಕ್ಕದೊಡನೆ ಕೂಡಿಕೊಳ್ಳುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಬೆಲೆ ಏರಿ, ರೂಪಾಯಿಯ ವಿನಿಮಯದರವೂ ಅದರೊಡನೆ ಏರುತ್ತ ಹೋಗಿ, 1920ರ ಆರಂಭದಲ್ಲಿ ಎರಡೂವರೆ ಷಿಲಿಂಗನ್ನು ಮೀರಿತ್ತು. ಬಾಬಿಂಗ್ಟನ್ ಸ್ಮಿತ್ ಸಮಿತಿಯ ಸಲಹೆಯಂತೆ ಸರ್ಕಾರವು ರೂಪಾಯಿಗೆ ಚಿನ್ನದ ಲೆಕ್ಕದಲ್ಲಿ 2 ಷಿಲಿಂಗ್ ದರವನ್ನು ಗೊತ್ತುಮಾಡಿತು. ಸಮಿತಿಯ ಸದಸ್ಯರಲ್ಲಿ ದಾದಿಬಾ ದಲಾಲರೊಬ್ಬರು ಇದನ್ನು ವಿರೋಧಿಸಿ ಭಿನ್ನಮತ ಬರೆದಿದ್ದರು. ದರ ನಿಲ್ಲಲಿಲ್ಲ. 1920ರ ಸೆಪ್ಟೆಂಬರಿನ ಕೊನೆಗೆ ಸರ್ಕಾರ ಕೈಬಿಟ್ಟಿತು. 1921ರ ಆರಂಭಕ್ಕೆ ದರ 1 ಷಿಲಿಂಗ್ 4 ಪೆನ್ಸಿಗಿಂತ ಕೆಳಗಿಳಿಯಿತು. ಅಂಬೇಡ್ಕರರು ಮುಂಬಯಿ ಬಿಟ್ಟದ್ದು 1920ರ ಜುಲೈಯಲ್ಲಿ, ಈ ಕುಸಿತದ ನಟ್ಟನಡುವೆ.

ಕೊಲ್ಹಾಪುರದ ನೆರವನ್ನೂ ಭತೇನಾ ಅವರ ಸಾಲವನ್ನೂ ಸೇರಿಸಿದರೆ 6,500 ರೂಪಾಯಿ. ರೂಪಾಯಿಗೆ 2 ಷಿಲಿಂಗಿನಂತೆ ಅದು 650 ಪೌಂಡು. 1 ಷಿಲಿಂಗ್ 4 ಪೆನ್ಸಿನಂತೆ 433 ಪೌಂಡು 6 ಷಿಲಿಂಗ್ 8 ಪೆನ್ಸು. ಅವರು ಯಾವ ದಿನ ಎಷ್ಟನ್ನು ಪೌಂಡಿಗೆ ಬದಲಾಯಿಸಿದರೆಂಬುದರ ಮೇಲೆ ನಿಜವಾದ ನಷ್ಟ ನಿಂತಿದೆಯಾದ್ದರಿಂದ ಈ ಗಣಿತವನ್ನು ಹೆಚ್ಚು ಎಳೆಯಬಾರದು. ಆದರೆ 1921ರ ಸೆಪ್ಟೆಂಬರಿನಲ್ಲಿ ಅವರು ಲಂಡನ್ನಿನಿಂದ ಶಾಹೂ ಮಹಾರಾಜರಿಗೆ ಪತ್ರ ಬರೆದು 200 ಪೌಂಡು ಸಾಲ ಕೇಳಿದರೆಂಬುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮುಂಬಯಿಯಲ್ಲಿ ಹಾಕಿದ್ದ ಅಂದಾಜನ್ನು ವಿನಿಮಯದರವೇ ತಲೆಕೆಳಗು ಮಾಡಿತ್ತು.

ಅದೇ ಕಾಲದಲ್ಲಿ ಅವರು ಲಂಡನ್ನಿನ ಗ್ರಂಥಾಲಯಗಳಲ್ಲಿ ಕುಳಿತು ಬರೆಯುತ್ತಿದ್ದ ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ! ಭಾರತದಂಥ ದೇಶಕ್ಕೆ ಚಿನ್ನದ ವಿನಿಮಯ ಪದ್ಧತಿ ಹಿತಕರವಲ್ಲ, ಅದು ನಾಣ್ಯದ ಪ್ರಮಾಣವನ್ನು ಅಧಿಕಾರಿಗಳ ಇಚ್ಛೆಗೆ ಬಿಡುತ್ತದೆ ಎಂದು ಕೇನ್ಸರ ಮತಕ್ಕೆ ಎದುರಾಗಿ ವಾದಿಸಿದ ಆ ಪ್ರಬಂಧದಲ್ಲಿ ಗ್ರಂಥಕರ್ತರ ಸ್ವಂತ ಜೇಬಿನ ಪ್ರಸ್ತಾಪ ಬರುವುದಿಲ್ಲ, ಬರತಕ್ಕದ್ದೂ ಅಲ್ಲ. ಸಿದ್ಧಾಂತವು ಜೇಬಿನಿಂದ ಹುಟ್ಟಿತೆಂದು ಹೇಳುವುದು ಅವಿಚಾರ. ರೂಪಾಯಿಯ ಬೆಲೆ ಬಿದ್ದರೆ ಊಟದ ತಟ್ಟೆಯಲ್ಲಿ ಏನು ಕಡಿಮೆಯಾಗುತ್ತದೆಂಬುದು ಅದರ ಕರ್ತೃವಿಗೆ ಗೊತ್ತಿತ್ತು ಎಂದಷ್ಟೇ ನಾವು ಹೇಳುತ್ತೇವೆ. ಬಸ್ಸಿನ ಹಣ ಉಳಿಸಲು ನಡೆದುಹೋಗುತ್ತಿದ್ದರೆಂದೂ, ಮಧ್ಯಾಹ್ನದ ಊಟವನ್ನು ಬಹುಮಟ್ಟಿಗೆ ಬಿಟ್ಟಿದ್ದರೆಂದೂ ಅವರ ಚರಿತ್ರಕಾರರು ಬರೆಯುತ್ತಾರೆ.

ಗಡುವಿಗೆ ಮುಂಚೆ, 1921ರಲ್ಲಿ ಎಂ.ಎಸ್‌ಸಿ. ಪದವಿ ಬಂದಿತು. 1922ರಲ್ಲಿ ಬ್ಯಾರಿಸ್ಟರಾದರು. ಅದೇ ವರ್ಷ ಡಿ.ಎಸ್‌ಸಿ. ಪ್ರಬಂಧವನ್ನು ಒಪ್ಪಿಸಿದರು, ಪರೀಕ್ಷಕರು ತಿದ್ದುಪಡಿಯನ್ನು ಬಯಸಿದರು. ಅಲ್ಲಿಯೇ ನಿಂತು ತಿದ್ದಿ ಬರೆಯಲು ಹಣವಿರಲಿಲ್ಲ. 1923ರ ಏಪ್ರಿಲಿನಲ್ಲಿ ಮುಂಬಯಿಗೆ ಹಿಂದಿರುಗಿ, ಅಲ್ಲಿಂದಲೇ ತಿದ್ದಿ ಕಳುಹಿಸಿದರು. ಆ ವರ್ಷದ ಕೊನೆಯಲ್ಲಿ ಪದವಿ ದೊರೆಯಿತು. ಶಾಹೂ ಮಹಾರಾಜರು 1922ರ ಮೇ ತಿಂಗಳಲ್ಲಿಯೇ ತೀರಿಕೊಂಡಿದ್ದರು. ಬ್ಯಾರಿಸ್ಟರ್ ಪದವಿ ಕೈಯಲ್ಲಿದ್ದರೂ ಹೈಕೋರ್ಟಿನ ಸನ್ನದಿಗೆ ಕಟ್ಟಲು ಹಣ ಬೇಕಾಯಿತು. ಮತ್ತೆ ಭತೇನಾ ಅವರೇ ನೆರವಾದರು. 1923ರ ಮಧ್ಯದಲ್ಲಿ ವಕೀಲಿ ಆರಂಭವಾಯಿತು.

ಹೊಸ ವೃತ್ತಿ ಒಡನೆಯೇ ಅನ್ನ ಕೊಟ್ಟಿತೆಂದು ತಿಳಿಯಬಾರದು. ಬಡವರ, ಕೂಲಿಕಾರರ ಮೊಕದ್ದಮೆಗಳೇ ಹೆಚ್ಚು. ದೊಡ್ಡ ಮೊಕದ್ದಮೆಗಳನ್ನು ತರುವ ಸಾಲಿಸಿಟರುಗಳು ಅಸ್ಪೃಶ್ಯ ಬ್ಯಾರಿಸ್ಟರನ ಬಳಿಗೆ ಸುಲಭವಾಗಿ ಬರುತ್ತಿರಲಿಲ್ಲ. 1925ರಿಂದ 1928ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ಶಿಕ್ಷಣಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠವನ್ನೂ ಹೇಳಿದರು. ಹತ್ತು ವರ್ಷಗಳ ವ್ಯಾಸಂಗವನ್ನು ಬರಿಯ ಸಂಪಾದನೆಯ ಅಳತೆಯಿಂದ ನೋಡಿದರೆ, ಸಿಡನ್‌ಹ್ಯಾಮಿನ 450 ರೂಪಾಯಿಯನ್ನು ಬಿಟ್ಟದ್ದು ಲಾಭದ ವ್ಯಾಪಾರವೆಂದು ಆ ಮೊದಲ ವರ್ಷಗಳಲ್ಲಿ ಯಾವ ಲೆಕ್ಕಿಗನೂ ಬರೆಯುತ್ತಿರಲಿಲ್ಲ. ಎರಡನೆಯ ಪದವಿಗೆ ಸಾಲಮಾಡಿದವರ ಪುಸ್ತಕದಲ್ಲಿ ಈ ಹಾಳೆ ಎಲ್ಲ ಕಾಲದಲ್ಲಿಯೂ ಇರುವಂಥದು.

ಮಹಾರಾಜರ ಔದಾರ್ಯದಿಂದ ಅಂಬೇಡ್ಕರರು ಮುಂದೆ ಬಂದರೆಂಬುದು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವ ಮಾತು. ಅದು ಅರ್ಧ ಸತ್ಯ. ಬರೋಡೆಯ ಹಣವಿಲ್ಲದಿದ್ದರೆ ಕೊಲಂಬಿಯಾ ಇರುತ್ತಿರಲಿಲ್ಲ. ಕೊಲಂಬಿಯಾ ಇಲ್ಲದಿದ್ದರೆ ಭತೇನಾ ಅವರ ಸ್ನೇಹವೂ, ಸಿಡನ್‌ಹ್ಯಾಮಿನ ಹುದ್ದೆಯೂ ಇರುತ್ತಿರಲಿಲ್ಲ. ಆದರೆ ಬರೋಡೆಯ ಹಣ ಅವರನ್ನು ಬರೋಡೆಯ ಅಧಿಕಾರಿಯನ್ನಾಗಿ ಮಾತ್ರ ಮಾಡಬಲ್ಲುದಾಗಿತ್ತು. ಮುಂಬಯಿಯ ಸಾರ್ವಜನಿಕ ಜೀವನದಲ್ಲಿ ಯಾರ ಅಪ್ಪಣೆಗೂ ಕಾಯದೆ ಮಾತನಾಡಬಲ್ಲ ವಕೀಲನನ್ನು ಮಾಡಿದ್ದು ಚಾಳಿನಲ್ಲಿ ಕೂಡಿಟ್ಟ ಹಣ ಮತ್ತು ಸ್ನೇಹಿತನ ಸಾಲ. ಕೊಲ್ಹಾಪುರದ 1,500 ರೂಪಾಯಿ ಸಂಸ್ಥಾನದಿಂದಲೇ ಬಂದದ್ದಾದರೂ ಸೇವೆಯ ಕರಾರಿಲ್ಲದೆ ಬಂದದ್ದರಿಂದ ಅದನ್ನು ಈ ಎರಡನೆಯ ಗುಂಪಿಗೇ ಸೇರಿಸಬೇಕು.

ರಮಾಬಾಯಿಯವರ ಪಾಲು ಯಾವ ಜಮಾಖರ್ಚಿನಲ್ಲಿಯೂ ಬರುವುದಿಲ್ಲ. ಮೂರು ವರ್ಷ ಪರೇಲಿನ ಕೋಣೆಗಳಲ್ಲಿ ಸಂಸಾರವನ್ನು ಸಾಗಿಸಿದ್ದು ಅವರು. ಆ ದುಡಿಮೆಗೆ ಷಿಲಿಂಗು ಪೆನ್ಸಿನ ದರ ಕಟ್ಟುವ ಬಗೆ ನಮಗೆ ತಿಳಿಯದು.

ಮುಂದೆ ಅವರೇ ಹಣ ಒದಗಿಸುವ ಸ್ಥಾನದಲ್ಲಿ ನಿಂತಾಗ ಮಾಡಿದ ಕೆಲಸಗಳಲ್ಲಿ ಈ ಅನುಭವದ ಗುರುತನ್ನು ಕಾಣಬಹುದು. 1924ರಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣೀ ಸಭೆಯ ಮೊದಲ ಕಾರ್ಯಗಳಲ್ಲಿ ಒಂದು ಸೊಲ್ಲಾಪುರದ ವಿದ್ಯಾರ್ಥಿನಿಲಯ. ಆ ದಶಕದ ಕೊನೆಗೆ ಇಂಥ ನಿಲಯ ನಮ್ಮ ಧಾರವಾಡಕ್ಕೂ ಬಂದಿತು. ಓದುವವನಿಗೆ ಮೊದಲು ಬೇಕಾದದ್ದು ಯಾರೂ ದೊಣ್ಣೆ ಹಿಡಿದು ಎಬ್ಬಿಸದ ಒಂದು ಕೋಣೆ ಎಂಬುದು ಬರೋಡೆಯ ಪಾಠವಲ್ಲವೆ? ವೈಸರಾಯರ ಕಾರ್ಯಾಂಗ ಮಂಡಲಿಯಲ್ಲಿ ಅವರು ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. 1946ರಲ್ಲಿ ಮುಂಬಯಿಯಲ್ಲಿ ತೆರೆದ ಸಿದ್ಧಾರ್ಥ ಕಾಲೇಜು ಕಚೇರಿಗೆ ಹೋಗುವವರೂ ಬಂದು ಓದುವಂತೆ ಮುಂಜಾನೆಯ ತರಗತಿಗಳನ್ನು ನಡೆಸಿತು. ಸಂಬಳ ಬಿಡದೆ ಓದುವ ಈ ಸೌಕರ್ಯ 1920ರ ಪ್ರಾಧ್ಯಾಪಕರಿಗೆ ಇರಲಿಲ್ಲ.

ಉಳಿದದ್ದು ಎರಡು ಅರ್ಪಣೆಗಳು. ಲಂಡನ್ನಿನ ಪ್ರಬಂಧವು 1923ರಲ್ಲಿ ಪುಸ್ತಕವಾಗಿ ಅಚ್ಚಾದಾಗ ಅದನ್ನು ತಂದೆತಾಯಿಗಳ ನೆನಪಿಗೆ ಅರ್ಪಿಸಿದರು. ಕೊಲಂಬಿಯಾದ ಪ್ರಬಂಧವನ್ನು ಅಚ್ಚು ಮಾಡಿಸಿ ಪ್ರತಿಗಳನ್ನು ಒಪ್ಪಿಸದ ಹೊರತು ಡಾಕ್ಟರ್ ಪದವಿ ಬರುವಂತಿರಲಿಲ್ಲ. ಅದಕ್ಕೂ ಹಣ ಬೇಕಾಗಿತ್ತು. ಆ ಪುಸ್ತಕ 1925ರಲ್ಲಿ ಹೊರಬಂದಿತು. ತಮ್ಮ ವಿದ್ಯಾಭ್ಯಾಸಕ್ಕೆ ನೀಡಿದ ನೆರವಿಗಾಗಿ ಕೃತಜ್ಞತೆಯಿಂದ ಅದನ್ನು ಸಯಾಜಿರಾವ್ ಮಹಾರಾಜರಿಗೆ ಅರ್ಪಿಸಿದ್ದಾರೆ. ಪದವಿ ಕೈಗೆ ಬಂದದ್ದು 1927ರ ಜೂನ್ ತಿಂಗಳಲ್ಲಿ, ಮುಚ್ಚಳಿಕೆ ಬರೆದುಕೊಟ್ಟ ಹದಿನಾಲ್ಕು ವರ್ಷದ ಮೇಲೆ. ಬರೋಡೆಗಾಗಿ ಸಿದ್ಧವಾಗಿದ್ದ ಹಣಕಾಸಿನ ಅಧಿಕಾರಿ ಆ ವೇಳೆಗೆ ಮುಂಬಯಿಯ ಶಾಸನಸಭೆಯ ಸದಸ್ಯರಾಗಿದ್ದರು. ಮೂರು ತಿಂಗಳ ಹಿಂದೆಯಷ್ಟೇ ಮಹಾಡದ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಬೊಗಸೆಯಲ್ಲಿ ಎತ್ತಿ ಕುಡಿದು ಬಂದಿದ್ದರು.